ಬೆನ್ನಿನ ಮೇಲೊಂದು ಕೈ



ಸೊಂಟ ಹಿಡಿದುಕೊಂಡಿದೆ ಎಂದು ಯಾರ ಹತ್ತಿರವಾದರೂ ಬಾಯಿ ಬಿಟ್ಟು ನೋಡಿ, ನಮ್ಮ ಕಡೆ ಸಲಹೆಗೆ ಬರವಿಲ್ಲ. ‘ನರದ ಮೇಲೆ ನರ ಏರಿರುತ್ತೆ, ನೀವುವವರ ಹತ್ತಿರ ಹೋಗಿ ಬಾ’ ಎಂದು ಒಬ್ಬರು. ‘ವಾಯು ಕಣಪ್ಪಾ, ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕಿಸಿಕೊಂಡು ಬಿಸಿನೀರು ಹುಯ್ಕೋ’ ಎಂದು ಇನ್ನೊಬ್ಬರು. ಗರಡಿ ಮನೆಯ ಉಸ್ತಾದರ ಹೆಸರು ಹೇಳುವವರುಂಟು, ಕೇರಳದ ತೈಲದ ಹೆಸರು ಹೇಳುವವರುಂಟು. ಇದಾವುದೂ ಆಗದಿದ್ದರೆ ಕಾಲು ಮುಂದಾಗಿ ಹುಟ್ಟಿದ ಯಾರನ್ನಾದರೂ ಹುಡುಕಿ ಸೊಂಟಕ್ಕೆ ಮೆಲ್ಲಗೆ ಒದೆಸಿಕೊಳ್ಳುವುದು. ನಗಬೇಡಿ. ಡಿಗ್ರಿ ಓದಿದವರೂ ಕದ್ದುಮುಚ್ಚಿ ಒದೆಸಿಕೊಂಡು ಬಂದಿದ್ದಾರೆ, ಆಮೇಲೆ ನನ್ನ ಹತ್ತಿರವೂ ಬಂದಿದ್ದಾರೆ. ಈ ಎಲ್ಲ ಸಲಹೆಗಳಲ್ಲಿ ಸಾಮಾನ್ಯವಾದದ್ದು ಒಂದೇ. ನೋಯುವ ಬೆನ್ನನ್ನು ಇನ್ನೊಬ್ಬರು ಮುಟ್ಟಬೇಕು.

ಫಿಸಿಯೋಥೆರಪಿ ವೃತ್ತಿಯಲ್ಲಿರುವ ನನಗೆ ಈ ಮುಟ್ಟುವ ಕೆಲಸವೇ ಅನ್ನ. ಹಾಗಾಗಿ ಅದರಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ನಿಮ್ಮ ಮುಂದೆ ಇಡುವುದು ನನ್ನ ಹೊಣೆಯೂ ಹೌದು.

ಒದೆಯುವ ವಿಷಯವನ್ನು ಮೊದಲೇ ಮುಗಿಸಿಬಿಡೋಣ. ಕೊಡ ಎತ್ತುವಾಗಲೋ ಗಾಡಿ ತಳ್ಳುವಾಗಲೋ ಚಳಕ್ಕೆಂದು ಹಿಡಿದುಕೊಂಡ ಸೊಂಟ ಬಹುತೇಕ ಜನರಿಗೆ ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಕೆಲವು ವಾರಗಳಲ್ಲಿ, ತಾನಾಗಿಯೇ ಸಡಿಲಗೊಳ್ಳುತ್ತದೆ. ನೋವು ತಾರಕಕ್ಕೇರಿದ ದಿನ ನಾವು ಒದೆಸಿಕೊಳ್ಳಲು ಹೋಗುತ್ತೇವೆ. ಅಲ್ಲಿಂದ ಮುಂದೆ ಅದು ಇಳಿಯಲೇಬೇಕು, ಇಳಿಯುತ್ತದೆ, ಕೀರ್ತಿ ಒದ್ದವರಿಗೆ ಸಲ್ಲುತ್ತದೆ. ನಾನು ಇವತ್ತು ಹೇಳಹೊರಟಿರುವುದು ಹೀಗೆ ಇಳಿಯದೇ ಉಳಿದುಬಿಡುವ ನೋವಿನ ಬಗ್ಗೆ. ಮೂರು ತಿಂಗಳು ದಾಟಿದರೂ ಹೋಗದ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2020ರಲ್ಲಿ ಜಗತ್ತಿನ ಸುಮಾರು 61.9 ಕೋಟಿ ಜನ ಕೆಳಬೆನ್ನಿನ ನೋವಿನಿಂದ ನರಳುತ್ತಿದ್ದರು. 2050ಕ್ಕೆ ಇದು 84.3 ಕೋಟಿ ಮುಟ್ಟಬಹುದು ಎಂದು ಅದೇ ಸಂಸ್ಥೆ ಅಂದಾಜು ಮಾಡಿದೆ. ದೀರ್ಘಕಾಲದ ನೋವಿರುವವರಲ್ಲಿ ನೂರಕ್ಕೆ ತೊಂಬತ್ತರಷ್ಟು ಮಂದಿಗೆ ಇಂಥದ್ದೇ ಕಾಯಿಲೆ, ಇಂಥದ್ದೇ ಮೂಳೆ ಎಂದು ಬೊಟ್ಟು ಮಾಡಿ ತೋರಿಸಲು ಆಗುವುದೇ ಇಲ್ಲ.

‘ಅದು ಹೇಗೆ? ನನ್ನ ಸ್ಕ್ಯಾನಿನಲ್ಲಿ ಡಿಸ್ಕ್ ಉಬ್ಬಿದೆ ಅಂತ ಬರೆದಿದ್ದಾರಲ್ಲ’ ಎಂದು ನಿಮ್ಮಲ್ಲಿ ಹಲವರು ಕೇಳುತ್ತೀರಿ. ಬೆನ್ನುನೋವು ಇಲ್ಲವೇ ಇಲ್ಲ ಎನ್ನುವ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನುಗಳ ವರದಿಗಳನ್ನು ಒಟ್ಟುಗೂಡಿಸಿ 2015ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಐವತ್ತರ ಆಸುಪಾಸಿನ, ಯಾವ ನೋವೂ ಇಲ್ಲದ ನೂರು ಜನರಲ್ಲಿ ಅರವತ್ತು ಮಂದಿಗೆ ಡಿಸ್ಕ್ ಉಬ್ಬಿತ್ತು, ಎಂಬತ್ತು ಮಂದಿಗೆ ಡಿಸ್ಕ್ ಸವೆದಿತ್ತು. ತಲೆಗೂದಲು ಬೆಳ್ಳಗಾದರೆ ಯಾರೂ ಅದನ್ನು ರೋಗ ಎನ್ನುವುದಿಲ್ಲ. ಒಳಗಿನ ಸವೆತದ ಚಿತ್ರ ಕೈಗೆ ಸಿಕ್ಕಿದ ಕೂಡಲೇ ಮಾತ್ರ ನಾವು ಬಗ್ಗುವುದನ್ನು, ಏಳುವುದನ್ನು, ಮೊಮ್ಮಗುವನ್ನು ಎತ್ತಿಕೊಳ್ಳುವುದನ್ನು ನಿಲ್ಲಿಸಿಬಿಡುತ್ತೇವೆ.

ಹಾಗಾದರೆ ನೋವು ಸುಳ್ಳೇ? ಖಂಡಿತ ಅಲ್ಲ. ಪೆಟ್ಟಾದ ಸ್ನಾಯು, ಅಸ್ಥಿರಜ್ಜುಗಳು ಸಾಮಾನ್ಯವಾಗಿ ಮೂರು ತಿಂಗಳೊಳಗೆ ಮಾಗಿರುತ್ತವೆ, ಆದರೆ ಅಲ್ಲಿಯ ಸುದ್ದಿ ಒಯ್ಯುವ ನರಗಳು, ಬೆನ್ನುಹುರಿ, ಮೆದುಳು ಎಚ್ಚರದ ಸ್ಥಿತಿಯಲ್ಲೇ ಉಳಿದುಬಿಟ್ಟಿರುತ್ತವೆ. ಕಳ್ಳನಿಗೆ ಬೊಗಳಬೇಕಾದ ನಾಯಿ ಹಾಲಿನವನಿಗೂ ಬೊಗಳಲು ಶುರುಮಾಡಿದ ಹಾಗೆ. ಅದರ ಮೇಲೆ ನಿದ್ದೆಗೇಡು, ಸಾಲದ ಚಿಂತೆ, ಕೆಲಸ ಹೋದೀತೆಂಬ ಭಯ ಸೇರಿದರೆ ನೋವು ಇಮ್ಮಡಿ. ಕೈಯ ಕೆಲಸ ಇರುವುದು ಇಲ್ಲಿ.

ಮೊಣಕೈ ಬಾಗಿಲಿಗೆ ತಗುಲಿದರೆ ಯಾರೂ ಹೇಳಿಕೊಡದೆಯೇ ಇನ್ನೊಂದು ಕೈ ಅಲ್ಲಿಗೆ ಹೋಗಿ ಉಜ್ಜುತ್ತದೆ. ಏಕೆಂಬುದಕ್ಕೆ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ಇಬ್ಬರು ವಿಜ್ಞಾನಿಗಳು 1965ರಲ್ಲಿ ಒಂದು ವಿವರಣೆ ಕೊಟ್ಟರು. ಸ್ಪರ್ಶದ ಸುದ್ದಿ ದಪ್ಪ ನರತಂತುಗಳಲ್ಲಿ ವೇಗವಾಗಿ ಓಡುತ್ತದೆ, ನೋವಿನ ಸುದ್ದಿ ಸಣ್ಣ ತಂತುಗಳಲ್ಲಿ ತೆವಳುತ್ತದೆ. ಬೆನ್ನುಹುರಿಯಲ್ಲಿ ಒಂದು ಬಾಗಿಲಿನಂಥ ವ್ಯವಸ್ಥೆಯಿದ್ದು, ಸ್ಪರ್ಶ ಮುಂದಾಗಿ ಬಂದರೆ ನೋವಿಗೆ ಅದು ಅರ್ಧ ಮುಚ್ಚಿಕೊಳ್ಳುತ್ತದೆ ಎಂದರು. ಅವರು ಬರೆದ ಚಿತ್ರದ ವಿವರಗಳು ಆಮೇಲೆ ಬದಲಾದವು, ಮುಖ್ಯ ಮಾತು ನಿಂತಿತು. ಸ್ವೀಡನ್ನಿನ ಸಂಶೋಧಕರು ಇನ್ನೂ ಸೋಜಿಗದ ಒಂದು ಸಂಗತಿ ತೋರಿಸಿಕೊಟ್ಟರು. ನಮ್ಮ ಚರ್ಮದಲ್ಲಿ, ಮುಖ್ಯವಾಗಿ ರೋಮವಿರುವ ತೋಳು, ಬೆನ್ನುಗಳಂಥ ಕಡೆ, ನಿಧಾನವಾದ ನೇವರಿಕೆಗೆಂದೇ ಮೀಸಲಾದ ಒಂದು ಬಗೆಯ ನರತಂತುಗಳಿವೆ. ಸೆಕೆಂಡಿಗೆ ಒಂದರಿಂದ ಹತ್ತು ಸೆಂಟಿಮೀಟರಿನ ವೇಗದಲ್ಲಿ, ಚರ್ಮದಷ್ಟೇ ಬೆಚ್ಚಗಿರುವ ಕೈ ಹಾದುಹೋದರೆ ಅವು ಚೆನ್ನಾಗಿ ಸ್ಪಂದಿಸುತ್ತವೆ. ಮಗುವಿನ ಬೆನ್ನು ಸವರುವ ತಾಯಿಯ ಕೈ ಹೆಚ್ಚುಕಡಿಮೆ ಅದೇ ವೇಗದಲ್ಲಿ ಚಲಿಸುತ್ತದೆ. ಈ ತಂತುಗಳ ಸುದ್ದಿ ಹೋಗುವುದು ಮೆದುಳಿನಲ್ಲಿ ಹಿತ, ಸಮಾಧಾನಗಳನ್ನು ಗ್ರಹಿಸುವ ಭಾಗಕ್ಕೆ.

ಈಗ ಒಂದು ಕಟಿಬಸ್ತಿಯನ್ನು ಹತ್ತಿರದಿಂದ ನೋಡೋಣ. ನಮ್ಮ ಆಯುರ್ವೇದ ಆಸ್ಪತ್ರೆಗಳಲ್ಲಿ ಇದು ದಿನನಿತ್ಯದ ಚಿಕಿತ್ಸೆ. ಉದ್ದಿನ ಹಿಟ್ಟನ್ನು ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಉದ್ದಕ್ಕೆ ಹೊಸೆದು, ಬೋರಲು ಮಲಗಿದವರ ಸೊಂಟದ ಮೇಲೆ ಬಳೆಯಾಕಾರದಲ್ಲಿ ಕಟ್ಟೆ ಕಟ್ಟುತ್ತಾರೆ. ಒದ್ದೆ ಬೆರಳಿನಿಂದ ಅಂಚನ್ನು ಚರ್ಮಕ್ಕೆ ಒತ್ತಿ, ಸಂದಿಯಿಲ್ಲದಂತೆ ಮೆತ್ತುತ್ತಾರೆ. ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿದ ಮಹಾನಾರಾಯಣ ತೈಲವನ್ನೋ ಸಹಚರಾದಿ ತೈಲವನ್ನೋ ಆ ಕಟ್ಟೆಯೊಳಗೆ ತೊಟ್ಟುತೊಟ್ಟಾಗಿ ಸುರಿಯುತ್ತಾರೆ. ‘ಬಿಸಿ ಹೆಚ್ಚಾಯ್ತಾ, ಸಾಕಾ?’ ಎಂದು ಕೇಳುತ್ತಾರೆ. ತಣ್ಣಗಾದಂತೆ ಹತ್ತಿಯ ಉಂಡೆಯಲ್ಲಿ ಎಣ್ಣೆ ಹೀರಿ ಹಿಂಡಿ, ಬಿಸಿ ಎಣ್ಣೆ ತುಂಬುತ್ತಾರೆ. ಹೀಗೆ ಅರ್ಧ ಗಂಟೆ, ಮುಕ್ಕಾಲು ಗಂಟೆ. ಕಟ್ಟೆ ಬಿಚ್ಚಿದ ಮೇಲೆ ಅದೇ ಎಣ್ಣೆಯಲ್ಲಿ ಬೆನ್ನು ನೀವಿ, ಹಬೆ ಕೊಡುವುದುಂಟು. ಗಮನಿಸಿ, ಅಷ್ಟು ಹೊತ್ತು ರೋಗಿ ಅಲುಗಾಡುವಂತಿಲ್ಲ, ಅಲುಗಿದರೆ ಎಣ್ಣೆ ಚೆಲ್ಲುತ್ತದೆ. ಫೋನ್ ಹಿಡಿಯುವಂತಿಲ್ಲ. ಒಬ್ಬರು ಪಕ್ಕದಲ್ಲೇ ಕೂತು ಅವರ ಬೆನ್ನಿನ ಮೇಲೇ ಗಮನ ಇಟ್ಟಿರುತ್ತಾರೆ. ನಮ್ಮ ಹೊರರೋಗಿ ವಿಭಾಗಗಳಲ್ಲಿ ವೈದ್ಯರಿಗೆ ಸಿಗುವುದು ಒಬ್ಬೊಬ್ಬರಿಗೆ ಕೆಲವೇ ನಿಮಿಷ. ತೈಲದ ಗುಣ ಎಷ್ಟು, ಶಾಖದ ಗುಣ ಎಷ್ಟು, ಈ ಗಮನದ ಗುಣ ಎಷ್ಟು ಎಂದು ಬೇರ್ಪಡಿಸಿ ತೂಗುವಂಥ ದೊಡ್ಡ ಅಧ್ಯಯನಗಳು ಕಟಿಬಸ್ತಿಯ ವಿಷಯದಲ್ಲಿ ಕಡಿಮೆ. ಆಗಬೇಕು. ಆದರೆ ಎದ್ದು ಕೂತವರು ‘ಹಗುರಾಯ್ತು’ ಎಂದಾಗ ಅದನ್ನು ಅನುಮಾನಿಸಲು ನನಗೆ ಕಾರಣವಿಲ್ಲ.

ಮಾಲೀಸಿನ ಮೇಲೆ ನಡೆದ ಒಳ್ಳೆಯ ಅಧ್ಯಯನಗಳುಂಟು. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಅಮೆರಿಕದ ಸಿಯಾಟಲ್ ಪ್ರದೇಶದಲ್ಲಿ ದೀರ್ಘಕಾಲದ ಸೊಂಟನೋವಿನ 401 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಇಂಥದ್ದೇ ಸ್ನಾಯು ಎಂದು ಗುರುತಿಸಿ, ಹುಡುಕಿ ಒತ್ತುವ ಮಾಲೀಸು, ಇನ್ನೊಂದಕ್ಕೆ ಮೈಪೂರ್ತಿ ಹಗುರಾಗಿ ನೀವುವ ಮಾಲೀಸು, ವಾರಕ್ಕೊಂದರಂತೆ ಹತ್ತು ವಾರ. ಮೂರನೆಯವರಿಗೆ ಮಾಮೂಲು ಚಿಕಿತ್ಸೆ. ಹತ್ತು ವಾರದ ಕೊನೆಗೆ ಮಾಲೀಸು ಪಡೆದವರಲ್ಲಿ ಮೂವರಲ್ಲೊಬ್ಬರಿಗಿಂತ ಹೆಚ್ಚು ಜನ ನೋವು ಬಹಳ ಕಡಿಮೆಯಾಗಿದೆ, ಇಲ್ಲವೇ ಹೋಗಿದೆ ಎಂದರು. ಮಾಮೂಲು ಚಿಕಿತ್ಸೆಯವರಲ್ಲಿ ಹಾಗೆಂದವರು ಇಪ್ಪತ್ತೈದರಲ್ಲಿ ಒಬ್ಬರು. ನನಗೆ ಇದಕ್ಕಿಂತ ರುಚಿಸಿದ ಸಂಗತಿ ಬೇರೆ. ಎರಡು ಬಗೆಯ ಮಾಲೀಸಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ! ಕಣ್ಣಲ್ಲಿ ನೀರು ಬರುವ ಹಾಗೆ ಒತ್ತಿದರೇ ಗುಣ, ‘ಗಂಟು ಒಡೆಯಬೇಕು’ ಎಂಬ ನಮ್ಮ ನಂಬಿಕೆಗೆ ಅಲ್ಲಿ ಬೆಂಬಲ ಸಿಗಲಿಲ್ಲ. ಮರುದಿನ ಮೈ ನೀಲಿಗಟ್ಟುವಷ್ಟು ಒತ್ತಿಸಿಕೊಂಡು ಬಂದು ‘ಭಾರೀ ಕೈ ಅವರದು’ ಎಂದು ಹೊಗಳುವವರು ಇದನ್ನು ಕೇಳಿಸಿಕೊಳ್ಳಿ. ಆರು ತಿಂಗಳಿಗೂ ಮಾಲೀಸಿನ ಪ್ರಯೋಜನ ಸ್ವಲ್ಪ ಉಳಿದಿತ್ತು. ವರ್ಷ ತುಂಬುವ ಹೊತ್ತಿಗೆ ಹೆಚ್ಚೇನೂ ಉಳಿದಿರಲಿಲ್ಲ.

ವರ್ಷದ ಮೇಲೂ ಉಳಿದದ್ದು ಯಾವುದು ಎಂದು ನೋಡಬೇಕಾದರೆ ಇಂಗ್ಲೆಂಡಿಗೆ ಹೋಗಬೇಕು. ಅಲ್ಲಿ 2008ರಲ್ಲಿ ಪ್ರಕಟವಾದ, 579 ರೋಗಿಗಳ ಮೇಲಿನ ಅಧ್ಯಯನದಲ್ಲಿ ಮಾಲೀಸಿನ ಜೊತೆಗೆ ಅಲೆಕ್ಸಾಂಡರ್ ಪದ್ಧತಿ ಎಂಬುದನ್ನೂ ಇಟ್ಟು ನೋಡಿದರು. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ 1869ರಲ್ಲಿ ಹುಟ್ಟಿದ ಅಲೆಕ್ಸಾಂಡರ್ ಎಂಬಾತ ನಟ, ವಾಚಕ. ವೇದಿಕೆಯ ಮೇಲೆ ದನಿ ಕಟ್ಟತೊಡಗಿದಾಗ ಕನ್ನಡಿಗಳ ಮುಂದೆ ನಿಂತು, ಮಾತಾಡಲು ಬಾಯಿ ತೆರೆದೊಡನೆ ತಾನು ಕತ್ತನ್ನು ಹಿಂದಕ್ಕೆ ಸೆಳೆದುಕೊಳ್ಳುವುದನ್ನು ಪತ್ತೆ ಮಾಡಿದ. ಆತನ ಪದ್ಧತಿಯಲ್ಲಿ ಶಿಕ್ಷಕರು ನಿಮ್ಮನ್ನು ಒತ್ತುವುದಿಲ್ಲ, ತಿರುಚುವುದಿಲ್ಲ. ನೀವು ಕುರ್ಚಿಯಿಂದ ಏಳುವಾಗ ಕತ್ತಿನ ಹಿಂದೆ, ಬೆನ್ನಿನ ಮೇಲೆ ಹಗುರಾಗಿ ಕೈಯಿಟ್ಟು, ಎಲ್ಲಿ ಬಿಗಿ ಹಿಡಿಯುತ್ತಿದ್ದೀರಿ ಎಂದು ನಿಮಗೇ ಗೊತ್ತಾಗುವಂತೆ ಮಾಡುತ್ತಾರೆ. ವರ್ಷದ ಕೊನೆಗೆ, ನಾಲ್ಕು ವಾರದಲ್ಲಿ ನೋವಿದ್ದ ದಿನಗಳೆಷ್ಟು ಎಂದು ಕೇಳಿದಾಗ, ಮಾಮೂಲು ಚಿಕಿತ್ಸೆಯವರು 21 ದಿನ ಎಂದರು. ಈ ಪದ್ಧತಿಯ 24 ಪಾಠ ಪಡೆದವರದು ಮೂರೇ ದಿನ. ಮಾಲೀಸಿನವರದು ಹದಿನಾಲ್ಕು. ಆರೇ ಪಾಠ ಪಡೆದು ಜೊತೆಗೆ ವೈದ್ಯರು ಹೇಳಿದಂತೆ ವ್ಯಾಯಾಮ ಮಾಡಿದವರಿಗೂ 24 ಪಾಠದವರಿಗೆ ಆದ ಲಾಭದ ಮುಕ್ಕಾಲು ಪಾಲಿನಷ್ಟು ದಕ್ಕಿತ್ತು. ಅಲೆಕ್ಸಾಂಡರ್ ಶಿಕ್ಷಕರು ನಮ್ಮ ತಾಲ್ಲೂಕುಗಳಲ್ಲಿ ಎಲ್ಲಿ ಸಿಗಬೇಕು ಎನ್ನುತ್ತೀರಾ? ಸಿಗುವುದಿಲ್ಲ. ನಾನು ಇದನ್ನು ಹೇಳಿದ್ದು ಒಂದು ಕಾರಣಕ್ಕೆ. ನೋವನ್ನು ತಾತ್ಕಾಲಿಕವಾಗಿ ಇಳಿಸುವ ಕೈಗಿಂತ, ನೀವೇ ಚಲಿಸುವುದನ್ನು ಕಲಿಸಿಕೊಡುವ ಕೈಯ ಉಪಕಾರ ಹೆಚ್ಚು ಕಾಲ ಬಾಳುತ್ತದೆ.

ಇನ್ನು ‘ಲಟಕ್’ ಎನ್ನಿಸುವ ಚಿಕಿತ್ಸೆ. ಮೊಬೈಲಿನಲ್ಲಿ ಈಗ ಇದರದ್ದೇ ಕಾರುಬಾರು. 1895ರಲ್ಲಿ ಅಮೆರಿಕದ ಡೇವನ್‌ಪೋರ್ಟ್ ಎಂಬ ಊರಿನಲ್ಲಿ ಡಿ.ಡಿ. ಪಾಮರ್ ಎಂಬಾತ ಕಿವುಡನಾಗಿದ್ದ ಒಬ್ಬ ಕೆಲಸಗಾರನ ಬೆನ್ನುಮೂಳೆಯನ್ನು ಒತ್ತಿ, ಕಿವಿ ಕೇಳಿಸುವಂತೆ ಮಾಡಿದೆ ಎಂದು ಹೇಳಿಕೊಂಡ. ಕೈರೋಪ್ರಾಕ್ಟಿಕ್ ಹುಟ್ಟಿದ್ದು ಹಾಗೆ. ಹೆಚ್ಚಿನ ರೋಗಗಳೆಲ್ಲ ಬೆನ್ನುಮೂಳೆ ಜರುಗುವುದರಿಂದಲೇ ಬರುತ್ತವೆ ಎಂಬುದು ಅವನ ವಾದ. ವಾದ ಬಿದ್ದುಹೋಯಿತು, ಕ್ರಿಯೆ ಉಳಿಯಿತು. ಆ ‘ಲಟಕ್’ ಕೀಲಿನೊಳಗಿನ ದ್ರವದಲ್ಲಿ ಅನಿಲದ ಗುಳ್ಳೆಯ ಆಟದಿಂದ ಬರುವ ಸದ್ದು. ಜಾರಿದ ಮೂಳೆ ಮರಳಿ ಕೂತ ಸದ್ದಲ್ಲ. ಹಾಗಿದ್ದೂ ತರಬೇತಿ ಪಡೆದವರು ಕೆಳಬೆನ್ನಿಗೆ ಮಾಡುವ ಈ ಚಿಕಿತ್ಸೆ ವ್ಯಾಯಾಮದಂಥ ಇತರ ಚಿಕಿತ್ಸೆಗಳಷ್ಟೇ ಉಪಯೋಗಿ ಎಂದು 2019ರಲ್ಲಿ 47 ಅಧ್ಯಯನಗಳನ್ನು ಒಟ್ಟಿಗೆ ನೋಡಿದವರು ಕಂಡುಕೊಂಡರು. ಅಷ್ಟೇ ಉಪಯೋಗಿ, ಹೆಚ್ಚಲ್ಲ. ಕತ್ತಿನ ಮಾತು ಬೇರೆ. ಕತ್ತಿನ ಮೂಳೆಗಳ ನಡುವೆ ಮೆದುಳಿಗೆ ರಕ್ತ ಒಯ್ಯುವ ನಾಳಗಳಿವೆ, ಹಠಾತ್ತನೆ ತಿರುಚಿದರೆ ಅವುಗಳ ಗೋಡೆ ಹರಿಯಬಹುದು. ಕ್ಷೌರದಂಗಡಿಯಲ್ಲಿ ಕತ್ತು ತಿರುಚಿಸಿಕೊಂಡ ಬಳ್ಳಾರಿಯ ಕಡೆಯ ಯುವಕನೊಬ್ಬ ಪಾರ್ಶ್ವವಾಯುವಿಗೆ ಈಡಾದ ಸುದ್ದಿಯನ್ನು 2024ರಲ್ಲಿ ಪತ್ರಿಕೆಗಳಲ್ಲಿ ನೀವೂ ಓದಿರಬಹುದು. ಕಟಿಂಗ್ ಮುಗಿದ ಮೇಲೆ ತಲೆಗೆ ಎಣ್ಣೆ ತಟ್ಟಿಸಿಕೊಳ್ಳಿ, ಕತ್ತಿಗೆ ಕೈ ಬಂದಾಗ ಬೇಡ ಎನ್ನಿ. ಸಂಕೋಚ ಬೇಡ.

ಮುಟ್ಟದೆಯೇ ಕೈಯಾಡಿಸಿ ಶಕ್ತಿ ಹರಿಸುತ್ತೇವೆ ಎನ್ನುವವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಮೆರಿಕದ ಎಮಿಲಿ ರೋಸಾ ಎಂಬ ಒಂಬತ್ತು ವರ್ಷದ ಹುಡುಗಿ ಶಾಲೆಯ ವಿಜ್ಞಾನ ಯೋಜನೆಗೆಂದು ಇಂಥ 21 ಮಂದಿ ಚಿಕಿತ್ಸಕರನ್ನು ಪರೀಕ್ಷಿಸಿದಳು. ರಟ್ಟಿನ ತೆರೆಯ ರಂಧ್ರಗಳಲ್ಲಿ ಅವರು ಎರಡೂ ಕೈ ಚಾಚಬೇಕು, ಆಚೆ ಕೂತ ಹುಡುಗಿ ಯಾವುದೋ ಒಂದು ಕೈಯ ಮೇಲೆ ತನ್ನ ಕೈ ಹಿಡಿಯುತ್ತಾಳೆ. ಯಾವ ಕೈ ಎಂದು ಹೇಳಬೇಕು. 280 ಸಲದಲ್ಲಿ ಸರಿ ಹೇಳಿದ್ದು 123 ಸಲ, ಅಂದರೆ ನೂರಕ್ಕೆ 44. ಕಣ್ಣು ಮುಚ್ಚಿ ಊಹಿಸಿದ್ದರೆ ಐವತ್ತು ಬರುತ್ತಿತ್ತು. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ಅದನ್ನು ಪ್ರಕಟಿಸಿತು. ನಿಜವಾಗಿ ಮುಟ್ಟುವ ಕೈಗೆ ಚರ್ಮದ ನರಗಳ ಬೆಂಬಲವಿದೆ, ಗಾಳಿಯಲ್ಲಿ ಆಡುವ ಕೈಗೆ ಅಂಥದ್ದೇನೂ ಸಿಕ್ಕಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ದೀರ್ಘಕಾಲದ ಸೊಂಟನೋವಿಗೆಂದೇ ಮೊದಲ ಬಾರಿ ಮಾರ್ಗಸೂಚಿ ಹೊರಡಿಸಿತು. ತಿಳಿವಳಿಕೆ ಕೊಡುವುದು, ವ್ಯಾಯಾಮ, ಮನಸ್ಸಿಗೆ ಸಂಬಂಧಿಸಿದ ಚಿಕಿತ್ಸೆ ಇವುಗಳ ಪಂಕ್ತಿಯಲ್ಲಿ ಮಾಲೀಸಿಗೂ ಬೆನ್ನುಮೂಳೆಯ ಹಸ್ತಚಿಕಿತ್ಸೆಗೂ ಅದು ಜಾಗ ಕೊಟ್ಟಿದೆ, ಪುರಾವೆ ಅಷ್ಟೊಂದು ಗಟ್ಟಿಯಿಲ್ಲ ಎಂಬ ಷರತ್ತಿನೊಡನೆ. ಮಾಮೂಲಾಗಿ ಕೊಡಬೇಡಿ ಎಂದು ಹೇಳಿರುವುದು ಯಾವುದನ್ನು ಗೊತ್ತೇ? ಸೊಂಟದ ಬೆಲ್ಟು ಮತ್ತು ತೂಕ ಕಟ್ಟಿ ಎಳೆಯುವ ಟ್ರಾಕ್ಷನ್. ನಮ್ಮಲ್ಲಿ ಬೆನ್ನುನೋವಿನವರ ಮನೆಯಲ್ಲಿ ಮೊದಲು ಕಾಣಸಿಗುವುದೇ ಆ ಬೆಲ್ಟು!

ಮನೆಯಲ್ಲೇ ಮಾಡಬಹುದಾದ್ದೂ ಇದೆ. ಬೆಚ್ಚಗಿನ ಎಳ್ಳೆಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಅಂಗೈಗೆ ಹಾಕಿಕೊಂಡು, ಬೆನ್ನುಮೂಳೆಯ ಗೆರೆಯನ್ನು ಬಿಟ್ಟು ಅದರ ಎರಡೂ ಬದಿಯ ಮಾಂಸಖಂಡದ ಮೇಲೆ, ಸೊಂಟದಿಂದ ಭುಜದವರೆಗೆ ನಿಧಾನವಾಗಿ ಕೈ ಜಾರಿಸಿ. ಹದಿನೈದು ನಿಮಿಷ ಸಾಕು. ನಮ್ಮ ಅಜ್ಜಿಯರು ಬಾಣಂತಿಗೆ, ನರಕ ಚತುರ್ದಶಿಯ ಬೆಳಿಗ್ಗೆ ಮನೆಮಂದಿಗೆಲ್ಲ ಮಾಡುತ್ತಿದ್ದುದು ಇದನ್ನೇ. ಮೊಮ್ಮಕ್ಕಳನ್ನು ಬೆನ್ನಿನ ಮೇಲೆ ಹತ್ತಿಸಿ ತುಳಿಸಿಕೊಳ್ಳುವ ರೂಢಿ ಮಾತ್ರ ವಯಸ್ಸಾದವರಿಗೆ ಬೇಡ. ಮೂಳೆ ಟೊಳ್ಳಾಗಿದ್ದರೆ ಮಗುವಿನ ಭಾರಕ್ಕೂ ಬಿರುಕು ಬಿಡಬಹುದು. ಇನ್ನೊಂದು ಮಾತು. ಒಂಟಿಯಾಗಿರುವ ಹಿರಿಯರನ್ನು ಮುಟ್ಟುವುದು ಬಿ.ಪಿ. ನೋಡುವ ಪಟ್ಟಿಯೊಂದೇ ಎಂಬಂಥ ಮನೆಗಳು ನಮ್ಮ ನಗರಗಳಲ್ಲಿ ಹೆಚ್ಚುತ್ತಿವೆ. ಅವರ ಬೆನ್ನುನೋವಿಗೆ ಮಾತ್ರೆ ತಂದುಕೊಡುವ ಮಕ್ಕಳು ಭಾನುವಾರ ಒಂದಿಷ್ಟು ಎಣ್ಣೆಯನ್ನೂ ಬಿಸಿ ಮಾಡಬಹುದು.

ಯಾವ ಬೆನ್ನಿಗೆ ಯಾರೂ ಕೈ ಹಚ್ಚಬಾರದು ಎಂಬುದನ್ನು ದಯವಿಟ್ಟು ಗಮನವಿಟ್ಟು ಕೇಳಿ. ನೋವಿನ ಜೊತೆ ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದಾಗ ಹೆಚ್ಚುವ ನೋವು ಇದ್ದರೆ ಅದು ಬೆನ್ನುಮೂಳೆಯ ಕ್ಷಯವಿರಬಹುದು. ನಮ್ಮ ದೇಶದಲ್ಲಿ ಇದು ಅಪರೂಪವಲ್ಲ, ಔಷಧಿಯಿಂದ ವಾಸಿಯಾಗುವಂಥದ್ದು. ತಿಂಗಳುಗಟ್ಟಲೆ ನೀವಿಸಿಕೊಳ್ಳುತ್ತ ಕಾಲ ಕಳೆದರೆ ಕಾಲಿನ ಸ್ವಾಧೀನವೇ ತಪ್ಪೀತು. ಹಿಂದೆ ಕ್ಯಾನ್ಸರ್ ಆಗಿದ್ದವರು, ಬಿದ್ದು ಪೆಟ್ಟು ಮಾಡಿಕೊಂಡವರು, ಬಹುಕಾಲ ಸ್ಟೀರಾಯ್ಡ್ ತೆಗೆದುಕೊಂಡವರು ಮೊದಲು ವೈದ್ಯರಿಗೆ ತೋರಿಸಬೇಕು. ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ತೊಡೆಯ ಸಂದಿನಲ್ಲಿ ಜೋಮು ಹಿಡಿದರೆ, ಕಾಲಿನ ಬಲ ಕುಂದುತ್ತಾ ಬಂದರೆ ಅದು ತುರ್ತು. ಬೆಳಗಾಗಲಿ ಎಂದು ಕಾಯಬೇಡಿ, ಅದೇ ರಾತ್ರಿ ದೊಡ್ಡ ಆಸ್ಪತ್ರೆಗೆ ಹೋಗಿ.

ಇವು ಯಾವುವೂ ಇಲ್ಲದಿದ್ದರೆ ಧೈರ್ಯವಾಗಿ ಮುಟ್ಟಿಸಿಕೊಳ್ಳಿ. ಆಯುರ್ವೇದವೋ ಪ್ರಕೃತಿ ಚಿಕಿತ್ಸೆಯೋ ಫಿಸಿಯೋಥೆರಪಿಯೋ, ನಿಮಗೆ ಹತ್ತಿರವಾದದ್ದು. ಬೋರ್ಡಿನ ಹೆಸರಿಗಿಂತ ಆ ಕೈಯವರು ಏನು ಹೇಳುತ್ತಾರೆ ನೋಡಿ. ಮುಂಗಡ ಹಣ ಕಟ್ಟಿಸಿಕೊಂಡು ವರ್ಷಪೂರ್ತಿ ಬನ್ನಿ ಎನ್ನುವವರು, ಈಗಿರುವ ಮಾತ್ರೆಯೆಲ್ಲ ನಿಲ್ಲಿಸಿ ಎನ್ನುವವರು, ಹೆಸರಿಲ್ಲದ ಪುಡಿ ಕೊಡುವವರು ಬೇಡ. ‘ಇನ್ನು ಮೇಲೆ ದಿನಾ ಇಷ್ಟು ನಡೆಯಿರಿ, ಇಂಥ ವ್ಯಾಯಾಮ ಮಾಡಿ, ಮುಂದಿನ ತಿಂಗಳ ಹೊತ್ತಿಗೆ ನೀವು ಇಲ್ಲಿಗೆ ಬರುವುದು ಕಡಿಮೆಯಾಗಬೇಕು’ ಎನ್ನುವವರು ಸಿಕ್ಕರೆ ಅವರನ್ನು ಬಿಡಬೇಡಿ. ಮಾಲೀಸಿನಿಂದ ಸಿಗುವುದು ಕೆಲವು ವಾರಗಳ, ಹೆಚ್ಚೆಂದರೆ ಕೆಲವು ತಿಂಗಳುಗಳ ಬಿಡುವು. ಆ ಬಿಡುವಿನಲ್ಲಿ ಮತ್ತೆ ಮಂಚಕ್ಕೆ ಹೋದರೆ ಎಣ್ಣೆಯೂ ದಂಡ, ದುಡ್ಡೂ ದಂಡ. ಈ ಮಾತು ಮುಗಿದ ಮೇಲೆ ರೇಡಿಯೊ ಹಾಡುತ್ತಿರಲಿ, ನೀವು ಎದ್ದು ಬೀದಿಯ ತುದಿಯವರೆಗೆ ನಡೆದು ಬನ್ನಿ. ನಾಳೆಯೂ ಹೋಗಿ.